ದೆವ್ವ ಹಿಡಿದಿದೆ ಅಂದಾಗ ನಾವೇನು ಮಾಡಬೇಕು?



ಸಂಘದ ಸಭೆ ಮುಗಿದು, ಉಳಿತಾಯದ ಲೆಕ್ಕ ಬರೆದು, ಚಾಪೆ ಸುತ್ತುವ ಹೊತ್ತಿಗೆ ಯಾರಾದರೂ ಒಬ್ಬರು ನಮ್ಮ ಕಾರ್ಯಕರ್ತೆಯನ್ನು ಪಕ್ಕಕ್ಕೆ ಕರೆಯುತ್ತಾರೆ. "ಅಕ್ಕಾ, ಒಂದು ಮಾತು. ನಮ್ಮ ಹುಡುಗೀಗೆ ಗಾಳಿ ಸೋಕಿದೆ ಅಂತಾರೆ. ಫಾದರ್ ಹತ್ರ ಕರ್ಕೊಂಡು ಹೋಗ್ಲಾ, ಇಲ್ಲಾ ಯಾರಾದ್ರೂ ಮಂತ್ರಿಸೋರ ಹತ್ರ ಹೋಗ್ಲಾ?" ಆಸ್ಪತ್ರೆ ಅನ್ನುವ ಮಾತು ಆ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಈ ಪಾಠ ಆ ಪ್ರಶ್ನೆಗಾಗಿ ಬರೆದದ್ದು.

ಮೊದಲೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುವ ಒಂದು ಹಳ್ಳಿಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಅವನಿಗೆ ಫಿಟ್ಸ್ ಬರುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯಿಂದ ಎರಡು ವರ್ಷ ಚೆನ್ನಾಗಿದ್ದ. ಆಮೇಲೆ ಅವನ ತಾಯಿ ದೂರದ ಒಂದು ಪ್ರಾರ್ಥನಾಕೂಟಕ್ಕೆ ಹೋದರು. ಹುಡುಗನೊಳಗೆ ಅಶುದ್ಧಾತ್ಮವಿದೆ, ನಿಜವಾದ ವಿಶ್ವಾಸವಿದ್ದರೆ ಮಾತ್ರೆ ಬಿಟ್ಟುಬಿಡಿ ಎಂದು ಅಲ್ಲಿ ಯಾರೋ ಹೇಳಿದರು. ಮಾತ್ರೆ ಬಿಟ್ಟರು. ಎಂಟು ದಿನದೊಳಗೆ ಒಲೆ ಮುಂದೆ ಕೂತಿದ್ದ ಹುಡುಗ ಬೆಂಕಿಗೆ ಬಿದ್ದ. ಬಲಗೈ ಬೆಂದುಹೋಯಿತು. ಆ ಕೂಟಕ್ಕೆ ಹೋಗಲು ಜೀಪು ಗೊತ್ತುಮಾಡಿಕೊಟ್ಟವರು ನಮ್ಮವರೇ. ಮಾತ್ರೆ ಬಿಟ್ಟ ವಿಷಯ ನಮಗೆ ಗೊತ್ತಿತ್ತು. "ಅವರ ವಿಶ್ವಾಸ, ನಾವ್ಯಾಕೆ ಮಾತಾಡೋದು" ಅಂತ ಸುಮ್ಮನಿದ್ದೆವು. ಆ ಸುಮ್ಮನಿರುವಿಕೆ ತಪ್ಪು ಎಂದು ಇವತ್ತು ಹೇಳುತ್ತಿದ್ದೇವೆ.

ಶುಭಸಂದೇಶದ ಆ ಹುಡುಗ

ಮಾರ್ಕನ ಶುಭಸಂದೇಶದ 9ನೇ ಅಧ್ಯಾಯ ತೆಗೆದು 14ರಿಂದ 29ರವರೆಗಿನ ವಚನಗಳನ್ನು ಓದಿ. ಒಬ್ಬ ತಂದೆ ತನ್ನ ಮಗನನ್ನು ಪ್ರಭು ಯೇಸುವಿನ ಬಳಿ ತರುತ್ತಾನೆ. ಹುಡುಗ ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ. ನಮ್ಮ ಹಳ್ಳಿಯ ಹುಡುಗನ ಕಥೆಯೇ ಅಲ್ಲವೇ? ಇವತ್ತಿನ ವೈದ್ಯರು ಯಾರೇ ಇದನ್ನು ಓದಿದರೂ ಮೂರ್ಛೆರೋಗದ ಲಕ್ಷಣ ಅನ್ನುತ್ತಾರೆ. ಮತ್ತಾಯನು ಇದೇ ಘಟನೆಯನ್ನು ಬರೆಯುವಾಗ (17:15) ಹುಡುಗನಿಗೆ ಚಂದ್ರನ ಪ್ರಭಾವದ ರೋಗ ಎಂಬ ಅರ್ಥದ ಗ್ರೀಕ್ ಪದ ಬಳಸುತ್ತಾನೆ. ಆ ಕಾಲದವರು ಮೂರ್ಛೆರೋಗಕ್ಕೆ ಹಾಗೆಯೇ ಹೇಳುತ್ತಿದ್ದರು.

ಹಾಗಾದರೆ ಶುಭಸಂದೇಶ ಸುಳ್ಳು ಹೇಳುತ್ತದೆಯೇ? ಇಲ್ಲ. ಅಂದಿನ ಜನ ತಮಗೆ ತಿಳಿದ ಮಾತಿನಲ್ಲಿ ಕಷ್ಟವನ್ನು ವಿವರಿಸಿದರು, ಪ್ರಭು ಆ ಕಷ್ಟದಿಂದ ಬಿಡುಗಡೆ ಮಾಡಿದರು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಮತ್ತಾಯ 4:24ರಲ್ಲಿ ಯೇಸುವಿನ ಬಳಿಗೆ ಕರೆತಂದವರ ಪಟ್ಟಿ ಇದೆ: ನಾನಾ ರೋಗದವರು, ದೆವ್ವ ಹಿಡಿದವರು, ಮೂರ್ಛೆರೋಗಿಗಳು, ಪಾರ್ಶ್ವವಾಯು ಪೀಡಿತರು. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಶುಭಸಂದೇಶಕಾರ ದೆವ್ವ ಬೇರೆ, ಮೂರ್ಛೆರೋಗ ಬೇರೆ ಎಂದು ಬರೆದಿದ್ದಾನೆ. ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟುವವರು ನಾವು.

ಯೇಸು ಆ ಹುಡುಗನಿಗೆ ಏನು ಮಾಡಿದರು ಎಂಬುದು ಇನ್ನೂ ಮುಖ್ಯ. ಹೊಡೆಯಲಿಲ್ಲ. ಕಟ್ಟಿಹಾಕಲಿಲ್ಲ. ಮೆಣಸಿನಕಾಯಿ ಹೊಗೆ ಹಾಕಲಿಲ್ಲ. ಇದು ಎಷ್ಟು ಕಾಲದಿಂದ ಬರುತ್ತಿದೆ ಎಂದು ತಂದೆಯನ್ನು ವಿಚಾರಿಸಿದರು. ಒಳ್ಳೆಯ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೂ ಅದೇ. ಕೊನೆಗೆ ಹುಡುಗ ಸತ್ತಂತೆ ಬಿದ್ದಿದ್ದಾಗ ಕೈ ಹಿಡಿದು ಎಬ್ಬಿಸಿದರು. 5ನೇ ಅಧ್ಯಾಯದಲ್ಲಿ ಗೆರಸೇನರ ನಾಡಿನ ಮನುಷ್ಯನನ್ನು ಊರಿನವರು ಸರಪಳಿಯಿಂದ ಕಟ್ಟಿದ್ದರು, ಅವನು ಸಮಾಧಿಗಳ ನಡುವೆ ಕಲ್ಲಿನಿಂದ ಮೈ ಕೊಯ್ದುಕೊಂಡು ಕೂಗಾಡುತ್ತಿದ್ದ. ಯೇಸು ಹೋದ ಮೇಲೆ ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯಿಂದ ಕೂತಿರುವುದನ್ನು ಜನ ಕಾಣುತ್ತಾರೆ. ಅವನನ್ನು ಪ್ರಭು ತನ್ನ ಜೊತೆಗೆ ಇಟ್ಟುಕೊಳ್ಳದೆ ಅವನ ಮನೆಯವರ ಬಳಿಗೇ ಕಳಿಸುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಯಾಯೀರನ ಮಗಳು ಎದ್ದ ಮೇಲೆ ಅವಳಿಗೆ ಊಟ ಕೊಡಿ ಅನ್ನುತ್ತಾರೆ. ಈ ಊಟದ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಕ್ಲಿಂಗೆನ್‌ಬರ್ಗಿನ ಹುಡುಗಿ

ಇಂಥದ್ದೆಲ್ಲ ಹಳ್ಳಿಯ ಓದು ಬಾರದವರ ಮನೆಯಲ್ಲಿ ನಡೆಯುವುದು ಎಂದು ಪಟ್ಟಣದ ನಮ್ಮ ಕ್ರೈಸ್ತ ಬಂಧುಗಳು ಅಂದುಕೊಂಡಿದ್ದರೆ ಈ ಕಥೆ ಕೇಳಲಿ. ಜರ್ಮನಿಯ ಬವೇರಿಯದಲ್ಲಿ ಕ್ಲಿಂಗೆನ್‌ಬರ್ಗ್ ಎಂಬ ಸಣ್ಣ ಊರು. ಅಲ್ಲಿಯ ಭಕ್ತ ಕಥೋಲಿಕ ಕುಟುಂಬದ ಮಗಳು ಅನೆಲೀಸ್ ಮಿಶೆಲ್. ಹುಟ್ಟಿದ್ದು 1952ರಲ್ಲಿ. ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂತು. ಮಿದುಳಿನ ಪಕ್ಕದ ಭಾಗದಿಂದ ಹುಟ್ಟುವ ಮೂರ್ಛೆರೋಗ ಎಂದು ವೈದ್ಯರು ಕಂಡುಹಿಡಿದು ಮಾತ್ರೆ ಕೊಟ್ಟರು. 1973ರಲ್ಲಿ ವುರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿದಳು, ಶಿಕ್ಷಕಿಯಾಗುವ ಆಸೆ. ಅಷ್ಟರಲ್ಲಿ ಪ್ರಾರ್ಥನೆ ಮಾಡುವಾಗ ವಿಕಾರ ಮುಖಗಳು ಕಾಣತೊಡಗಿದವು. ನೀನು ನರಕಕ್ಕೆ ಹೋಗುತ್ತೀ ಅನ್ನುವ ಧ್ವನಿಗಳು ಕೇಳಿಸಿದವು. ಶಿಲುಬೆಯನ್ನು ನೋಡಲಾರದಾದಳು. ಮಾತ್ರೆಯಿಂದ ಪೂರ್ಣ ಗುಣ ಸಿಗಲಿಲ್ಲ. ಮನೆಯವರು ಗುರುಗಳನ್ನು ಹುಡುಕಿದರು.

1975ರ ಸೆಪ್ಟೆಂಬರಿನಲ್ಲಿ ವುರ್ಜ್‌ಬರ್ಗಿನ ಧರ್ಮಾಧ್ಯಕ್ಷರಾದ ಯೋಸೆಫ್ ಸ್ಟಾಂಗ್ಲ್ ಅವರು ಉಚ್ಚಾಟನೆಗೆ, ಅಂದರೆ ದೆವ್ವ ಬಿಡಿಸುವ ಪ್ರಾರ್ಥನಾ ವಿಧಿಗೆ ಅನುಮತಿ ಕೊಟ್ಟರು. ಅದನ್ನು ಗುಟ್ಟಾಗಿ ನಡೆಸಬೇಕೆಂದೂ ಹೇಳಿದರು. ಸುಮಾರು ಹತ್ತು ತಿಂಗಳಲ್ಲಿ 67 ಸಲ ವಿಧಿ ನಡೆಯಿತು, ಕೆಲವು ಸಲ ನಾಲ್ಕು ಗಂಟೆ ಹೊತ್ತು. ಟೇಪ್ ರೆಕಾರ್ಡರಿನಲ್ಲಿ ಅವಳ ಕೂಗನ್ನು ಮುದ್ರಿಸಿಕೊಂಡರು. ತನ್ನೊಳಗೆ ಲೂಸಿಫರ್, ಯೂದ, ನೀರೋ, ಹಿಟ್ಲರ್ ಇದ್ದಾರೆ ಎಂದು ಅವಳು ಬೇರೆ ಬೇರೆ ಧ್ವನಿಯಲ್ಲಿ ಹೇಳಿದಳು. ಡಾಕ್ಟರ ಬಳಿ ಹೋಗುವುದು ನಿಂತಿತು. ತಪ್ಪು ದಾರಿ ಹಿಡಿದ ಯುವಜನರಿಗಾಗಿ, ಗುರುಗಳಿಗಾಗಿ ತಾನು ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎಂದು ನಂಬಿದಳು. ಊಟ ಬಿಟ್ಟಳು. ಊಟ ಮಾಡಲು ದೆವ್ವಗಳು ಬಿಡುತ್ತಿಲ್ಲ ಎಂದಳು. ಸುತ್ತಲಿದ್ದವರೂ ಅದನ್ನೇ ನಂಬಿದರು.

1976ರ ಜುಲೈ 1ರಂದು ಅನೆಲೀಸ್ ತನ್ನ ಮನೆಯಲ್ಲೇ ಸತ್ತಳು. ವಯಸ್ಸು 23. ತೂಕ ಸುಮಾರು 31 ಕಿಲೋ. ಸಾವಿಗೆ ಕಾರಣ ಅನ್ನ ನೀರಿನ ಕೊರತೆ. ಮಂಡಿಯೂರಿ ಏಳುವುದನ್ನು ನೂರಾರು ಸಲ ಮಾಡಿ ಮೊಣಕಾಲು ಹಾಳಾಗಿದ್ದವು. 1978ರಲ್ಲಿ ಆಷಾಫೆನ್‌ಬರ್ಗ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ತಂದೆತಾಯಿ ಮತ್ತು ಇಬ್ಬರು ಗುರುಗಳು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರು ಎಂದು ತೀರ್ಪಾಯಿತು. ಆರು ತಿಂಗಳ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಮೂರು ವರ್ಷ ನಿಗಾ ವಿಧಿಸಿದರು. ಸಾಯುವ ವಾರದ ಮುಂಚೆ ಚಿಕಿತ್ಸೆ ಸಿಕ್ಕಿದ್ದರೂ ಅವಳು ಉಳಿಯುತ್ತಿದ್ದಳು ಎಂಬುದು ಸರ್ಕಾರದ ಪರ ವಾದವಾಗಿತ್ತು.

ಆ ತಂದೆತಾಯಿ ಕೆಟ್ಟವರಲ್ಲ, ಗುರುಗಳೂ ಹಣಕ್ಕಾಗಿ ಮಾಡಿದವರಲ್ಲ. ಮಗಳನ್ನು ಪ್ರೀತಿಸುವ, ಜಪಸರ ಬಿಡದ ಮನೆ ಅದು. ನಮಗೆ ಭಯವಾಗುವುದು ಅದಕ್ಕೇ. ಪ್ರೀತಿಯೂ ಭಕ್ತಿಯೂ ಇದ್ದ ಮನೆಯಲ್ಲಿ ಹುಡುಗಿ ಹಸಿವಿನಿಂದ ಸತ್ತಳು. ಯಾಯೀರನ ಮನೆಯಲ್ಲಿ ಪ್ರಭು ಹೇಳಿದ ಊಟದ ಮಾತು ಆ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಇನ್ನೂ ನೋವಿನ ಸಂಗತಿಯೆಂದರೆ, ಅವರು ಬಳಸಿದ್ದು 1614ರ ರೋಮನ್ ವಿಧಿಗ್ರಂಥ. ಆ ಹಳೆಯ ಪುಸ್ತಕವೇ ಮೊದಲಲ್ಲಿ ಎಚ್ಚರಿಕೆ ಕೊಡುತ್ತದೆ: ದೆವ್ವ ಹಿಡಿದಿದೆ ಎಂದು ಗುರುವು ಸುಲಭವಾಗಿ ನಂಬಬಾರದು, ರೋಗದಿಂದ ಬಂದದ್ದೋ ಎಂದು ಬೇರ್ಪಡಿಸಿ ನೋಡಬೇಕು, ಔಷಧದ ವಿಷಯವನ್ನು ವೈದ್ಯರಿಗೆ ಬಿಡಬೇಕು, ಕುತೂಹಲಕ್ಕೆ ದೆವ್ವದ ಜೊತೆ ಮಾತು ಬೆಳೆಸಬಾರದು. ನಿಯಮ ಇರಲಿಲ್ಲ ಅಂತಲ್ಲ. ಇದ್ದ ನಿಯಮವನ್ನು ಮರೆತರು.

ಮನಸ್ಸು ಹೇಗೆ ಹೀಗಾಗುತ್ತದೆ?

ಬಸ್ಸಿನಲ್ಲಿ ಏನೋ ಯೋಚಿಸುತ್ತಾ ಕೂತು ನಮ್ಮ ಸ್ಟಾಪ್ ದಾಟಿಹೋದದ್ದು ಯಾರಿಗಿಲ್ಲ? ಕಣ್ಣು ತೆರೆದೇ ಇತ್ತು, ಮನಸ್ಸು ಬೇರೆಲ್ಲೋ ಇತ್ತು. ಮನಸ್ಸಿನ ಒಂದು ಭಾಗ ಇನ್ನೊಂದು ಭಾಗದಿಂದ ಕಳಚಿಕೊಳ್ಳಬಲ್ಲದು. ತಡೆಯಲಾರದ ಕಷ್ಟ ಬಂದಾಗ, ಅದನ್ನು ಹೇಳಿಕೊಳ್ಳಲು ದಾರಿಯೇ ಇಲ್ಲದಾಗ, ಈ ಕಳಚುವಿಕೆ ದೊಡ್ಡದಾಗಿ ನಡೆಯಬಹುದು. ಆಗ ಬೇರೆ ಹೆಸರು, ಬೇರೆ ಧ್ವನಿ, ಬೇರೆ ಶಕ್ತಿ ಬರುತ್ತದೆ. ಆಮೇಲೆ ಏನೂ ನೆನಪಿರುವುದಿಲ್ಲ. ಇದು ನಾಟಕವಲ್ಲ. "ಸುಮ್ನೆ ಆಡ್ತಾಳೆ, ಎರಡು ಬಿಟ್ರೆ ಸರಿಹೋಗ್ತಾಳೆ" ಅನ್ನುವುದು ಅನ್ಯಾಯ.

ನಮ್ಮ ಊರುಗಳಲ್ಲಿ ದೆವ್ವ ಮೆಟ್ಟಿದೆ ಅನ್ನಿಸಿಕೊಂಡವರು ಯಾರು ಎಂದು ಲೆಕ್ಕ ಹಾಕಿ ನೋಡಿ. ನಾವು ಕಂಡಂತೆ ಹೆಚ್ಚಿನವರು ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು, ಮಗು ಕಳೆದುಕೊಂಡವರು, ಇಷ್ಟವಿಲ್ಲದ ಮದುವೆಗೆ ಒಪ್ಪಿಕೊಂಡ ಹುಡುಗಿಯರು. ಅತ್ತೆಯ ಮುಂದೆ ತಲೆ ಎತ್ತದ ಸೊಸೆ ಮೈಮೇಲೆ ಬಂದಾಗ ಅತ್ತೆಯನ್ನೇ ಗದರುತ್ತಾಳೆ, ಆಗ ಮನೆಮಂದಿಯೆಲ್ಲ ಕೈಮುಗಿದು ಕೇಳುತ್ತಾರೆ. ಅವಳ ಮಾತಿಗೆ ಬೆಲೆ ಬರುವುದು ಆ ಹೊತ್ತು ಮಾತ್ರ. ಇಂಥ ಮನೆಗೆ ಹೋದಾಗ "ಯಾರು ನೀನು, ಎಲ್ಲಿಂದ ಬಂದೆ" ಎಂದು ದೆವ್ವವನ್ನು ಕೇಳುವ ಬದಲು, ಅವಳು ಸಾವರಿಸಿಕೊಂಡ ಮೇಲೆ, "ನಿನಗೆ ಏನು ಕಷ್ಟ ತಾಯಿ" ಎಂದು ಅವಳನ್ನೇ ಒಬ್ಬಳನ್ನೇ ಕೂರಿಸಿ ಕೇಳಿದರೆ ಎಷ್ಟೋ ವಿಷಯ ಹೊರಗೆ ಬರುತ್ತದೆ. ಕುಡುಕ ಗಂಡನ ಹೊಡೆತವೂ ಬರಬಹುದು, ಬಾಯಿಬಿಟ್ಟು ಹೇಳಲಾಗದ್ದೂ ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಹೆಸರಿದೆ. 2022ರ ಜನವರಿಯಿಂದ ಜಾರಿಗೆ ಬಂದ 11ನೇ ಆವೃತ್ತಿಯಲ್ಲೂ ಆವೇಶದ ಕಾಯಿಲೆಯನ್ನು ಪ್ರತ್ಯೇಕವಾಗಿ ಹೇಳಿದ್ದಾರೆ. ಆದರೆ ಒಂದು ಜನಾಂಗದ ಆಚರಣೆಯಲ್ಲಿ, ಎಲ್ಲರೂ ಒಪ್ಪಿದ ಸಂದರ್ಭದಲ್ಲಿ ಬರುವ ಆವೇಶವನ್ನು ಅಲ್ಲಿ ರೋಗ ಎಂದು ಕರೆದಿಲ್ಲ. ತಾನಾಗಿ ಬಯಸದೆ ಬಂದು, ಬದುಕನ್ನು ಕೆಡಿಸಿದರೆ ಮಾತ್ರ ಅದು ಕಾಯಿಲೆ. ಆದ್ದರಿಂದ ನೆರೆಯ ಹಿಂದೂ ಬಂಧುಗಳ ಹಬ್ಬದಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡು ಹುಚ್ಚು ಅಥವಾ ಸೈತಾನ ಎಂದು ಗೇಲಿ ಮಾಡುವುದು ನಮಗೆ ಶೋಭಿಸುವುದಿಲ್ಲ.

ಆದರೆ ದೆವ್ವದ ಹೆಸರಿನ ಹಿಂದೆ ಅಡಗುವ ಬೇರೆ ಕಾಯಿಲೆಗಳೂ ಇವೆ, ಕೆಲವು ಪ್ರಾಣ ತೆಗೆಯುವಂಥವು. ಹೆರಿಗೆಯಾದ ಮೊದಲ ಎರಡು ಮೂರು ವಾರದಲ್ಲಿ ಬಾಣಂತಿ ನಿದ್ದೆ ಬಿಟ್ಟು, ಸಂಬಂಧವಿಲ್ಲದ ಮಾತಾಡಿ, ಮಗುವನ್ನು ನನ್ನದಲ್ಲ ಅಂದರೆ ಅದು ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದ ಕಾಯಿಲೆ. ಅವಳಿಗೂ ಮಗುವಿಗೂ ಅಪಾಯ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಸಿಕ್ಕಿದರೆ ಚೆನ್ನಾಗಿ ಗುಣವಾಗುತ್ತದೆ. ದಿನಾ ಕುಡಿಯುವವನು ಒಮ್ಮೆಲೇ ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ನಡುಗುತ್ತಾ, ಗೋಡೆಯ ಮೇಲೆ ಹುಳ ಹರಿಯುತ್ತಿದೆ, ಯಾರೋ ಕರೆಯುತ್ತಿದ್ದಾರೆ ಅಂದರೆ ಅದೂ ಗಾಳಿಯಲ್ಲ, ಕುಡಿತ ಬಿಟ್ಟಾಗಿನ ಸನ್ನಿ. ವ್ಯಸನಮುಕ್ತಿ ಶಿಬಿರ ನಡೆಸುವ ನಮ್ಮವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಯುವತಿಯರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಮಿದುಳಿನ ಊತವನ್ನು ವೈದ್ಯರು ಗುರುತಿಸಿದ್ದೇ 2007ರಲ್ಲಿ. ಕೂಗಾಟ, ವಿಚಿತ್ರ ಚಲನೆ, ಫಿಟ್ಸ್ ಎಲ್ಲವೂ ಅದರಲ್ಲಿವೆ, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಇನ್ನು ವಾರಗಟ್ಟಲೆ ತಿಂಗಳುಗಟ್ಟಲೆ ಇಲ್ಲದ ಧ್ವನಿ ಕೇಳುವುದು, ಎಲ್ಲರ ಮೇಲೂ ಸಂಶಯ, ಸ್ನಾನ ಊಟದ ಪರಿವೆ ಇಲ್ಲದಿರುವುದು ಇದ್ದರೆ ಮಾನಸಿಕ ರೋಗ ಇರಬಹುದು. ಸಕ್ಕರೆ ಕಾಯಿಲೆಗೆ ಹೇಗೋ ಹಾಗೆ ಇದಕ್ಕೂ ಬಹುಕಾಲ ಮಾತ್ರೆ ಬೇಕಾದೀತು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಚಪ್ಪಲಿ ಮೂಸಿಸಬೇಡಿ, ಬಾಯಿಗೆ ಚಮಚ ತುರುಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಹತ್ತಿರದ ಕಲ್ಲು ಬೆಂಕಿ ದೂರ ಸರಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಲೇಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವವೇ ಹೋಗಬಹುದು.

ಧರ್ಮಸಭೆ ನಿಜವಾಗಿ ಏನು ಹೇಳುತ್ತದೆ?

ಸೈತಾನ ಇಲ್ಲ ಎಂದು ಧರ್ಮಸಭೆ ಹೇಳುವುದಿಲ್ಲ. ನಾವೂ ಹೇಳುವುದಿಲ್ಲ. ಕೇಡಿನಿಂದ ನಮ್ಮನ್ನು ಬಿಡಿಸೆಂದು ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದಿನಾ ಬೇಡುತ್ತೇವೆ. ಜ್ಞಾನಸ್ನಾನದ ವಿಧಿಯಲ್ಲೂ ಒಂದು ಚಿಕ್ಕ ಬಿಡುಗಡೆಯ ಪ್ರಾರ್ಥನೆ ಇದೆ. ಆದರೆ ಸೈತಾನನ ಸಾಮಾನ್ಯ ಕೆಲಸ ಶೋಧನೆ. ಸುಳ್ಳು, ದ್ವೇಷ, ದುರಾಸೆಗೆ ನಮ್ಮನ್ನು ಎಳೆಯುವುದು. ಒಬ್ಬರ ಮೈಯನ್ನು ವಶಪಡಿಸಿಕೊಳ್ಳುವುದು ಬಹಳ ಅಪರೂಪ ಎಂಬುದು ಧರ್ಮಸಭೆಯ ಅನುಭವ. ನೆರೆಯವರ ಜಮೀನು ಒತ್ತುವರಿ ಮಾಡಿಕೊಂಡವನನ್ನು ನೋಡಿ ನಾವು ಯಾರೂ ದೆವ್ವ ಹಿಡಿದಿದೆ ಅನ್ನುವುದಿಲ್ಲ, ಬಡ ಸೊಸೆ ಕೂಗಿದರೆ ಅನ್ನುತ್ತೇವೆ. ಇದನ್ನೂ ಯೋಚಿಸಬೇಕು.

ಕಥೋಲಿಕ ಧರ್ಮೋಪದೇಶದ 1673ನೇ ಪರಿಚ್ಛೇದ ಸ್ಪಷ್ಟವಾಗಿದೆ: ರೋಗ, ಅದರಲ್ಲೂ ಮಾನಸಿಕ ರೋಗ ಬೇರೆ ವಿಷಯ, ಅದಕ್ಕೆ ಚಿಕಿತ್ಸೆ ವೈದ್ಯಶಾಸ್ತ್ರದ ಕೆಲಸ. ಉಚ್ಚಾಟನೆಗೆ ಮುಂಚೆ ಇದು ರೋಗವಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. 1983ರ ಧರ್ಮಸಭಾ ಕಾನೂನಿನ 1172ನೇ ವಿಧಿ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾರೂ ಉಚ್ಚಾಟನೆ ಮಾಡುವಂತಿಲ್ಲ. ಭಕ್ತಿ, ಜ್ಞಾನ, ವಿವೇಕ ಮತ್ತು ಶುದ್ಧ ಜೀವನವಿರುವ ಗುರುವಿಗೆ ಮಾತ್ರ ಆ ಅನುಮತಿ. 1985ರಲ್ಲಿ ರೋಮಿನಿಂದ ಬಂದ ಪತ್ರ ಭಕ್ತಾದಿಗಳು ಆ ಸೂತ್ರಗಳನ್ನು ಬಳಸಬಾರದು ಎಂದಿತು. 1999ರಲ್ಲಿ ಹೊಸ ವಿಧಿಗ್ರಂಥ ಬಂತು. ಅದರಲ್ಲಿ ಬೇಕಾದಾಗ ವೈದ್ಯರನ್ನೂ ಮನೋವೈದ್ಯರನ್ನೂ ವಿಚಾರಿಸಬೇಕು, ಇದನ್ನು ಜನರಿಗೆ ತೋರಿಸುವ ಪ್ರದರ್ಶನ ಮಾಡಬಾರದು ಎಂದಿದೆ. 2000ದ ಸೂಚನೆಯಲ್ಲಿ, ಸ್ವಸ್ಥತೆಯ ಪ್ರಾರ್ಥನಾಕೂಟಗಳಲ್ಲಿ ಉನ್ಮಾದ, ನಾಟಕೀಯತೆ ಇರಬಾರದು, ಬಲಿಪೂಜೆಯ ನಡುವೆ ಉಚ್ಚಾಟನೆ ಸೇರಿಸಬಾರದು ಎಂದಿದ್ದಾರೆ. ಮೈಕು ಹಿಡಿದು "ಹೋಗು ಸೈತಾನ" ಎಂದು ಹುಡುಗಿಯ ತಲೆಕೂದಲು ಹಿಡಿದೆಳೆಯುವ ಉಪದೇಶಕರಿಗೆ ಈ ಸಾಲುಗಳನ್ನು ಯಾರಾದರೂ ಓದಿಹೇಳಬೇಕು.

ಇನ್ನೊಂದು ಮಾತು. ಯೇಸುವಿಗೇ ದೆವ್ವ ಹಿಡಿದಿದೆ, ಹುಚ್ಚು ಹಿಡಿದಿದೆ ಎಂದು ಜನ ಹೇಳಿದ್ದರು (ಯೊವಾನ್ನ 10:20). ಅವರ ಸ್ವಂತ ಬಂಧುಗಳೇ ಬುದ್ಧಿಭ್ರಮೆ ಎಂದು ಹಿಡಿದುಕೊಂಡು ಹೋಗಲು ಬಂದಿದ್ದರು (ಮಾರ್ಕ 3:21). ಈ ಹಣೆಪಟ್ಟಿಯ ನೋವು ನಮ್ಮ ಪ್ರಭುವಿಗೆ ಗೊತ್ತಿದೆ. ಹುಟ್ಟುಕುರುಡನನ್ನು ಕಂಡು ಇವನ ಪಾಪವೋ, ಹೆತ್ತವರ ಪಾಪವೋ ಎಂದು ಶಿಷ್ಯರು ಕೇಳಿದಾಗ ಅವರು ಎರಡನ್ನೂ ಅಲ್ಲಗಳೆದರು (ಯೊವಾನ್ನ 9). ಆದ್ದರಿಂದ "ನಿಮ್ಮ ಮನೆಯಲ್ಲಿ ಏನೋ ಪಾಪ ಇದೆ" ಎಂದು ರೋಗಿಯ ತಾಯಿಗೆ ಹೇಳುವ ಹಕ್ಕು ನಮಗಿಲ್ಲ. ಸಿರಾಕ್ ಗ್ರಂಥದ 38ನೇ ಅಧ್ಯಾಯದಲ್ಲಿ ವೈದ್ಯರನ್ನು ಗೌರವಿಸಬೇಕು, ಅವರನ್ನೂ ದೇವರೇ ಕೊಟ್ಟಿದ್ದಾರೆ, ಪ್ರಾರ್ಥನೆಯನ್ನೂ ಮಾಡಬೇಕು, ವೈದ್ಯರನ್ನೂ ಕರೆಸಬೇಕು ಎಂಬ ಬೋಧನೆ ಇದೆ.

ಪ್ರಾರ್ಥನೆ ಬೇಡ ಎಂದು ನಾವು ಹೇಳುತ್ತಿಲ್ಲ. ಗುರುಗಳನ್ನು ಕರೆಸಿ, ರೋಗಿಗಳ ಅಭ್ಯಂಗ ಸಂಸ್ಕಾರದ ಬಗ್ಗೆ ಕೇಳಿ, ಮನೆಯಲ್ಲಿ ಜಪಸರ ಹೇಳಿ. ಭಯಪಟ್ಟ ಮನೆಯಲ್ಲಿ ಮೃದುವಾದ ಪ್ರಾರ್ಥನೆಯ ಧ್ವನಿಯೇ ಎಷ್ಟೋ ಸಮಾಧಾನ. ಆದರೆ ಕಿರುಚಾಟದ ಪ್ರಾರ್ಥನೆ ರೋಗಿಯ ಭಯವನ್ನು ಹೆಚ್ಚಿಸುತ್ತದೆ, "ನನ್ನೊಳಗೆ ದೆವ್ವವಿದೆ" ಎಂಬ ನಂಬಿಕೆಯನ್ನು ಇನ್ನೂ ಗಟ್ಟಿಮಾಡುತ್ತದೆ. ಕ್ಲಿಂಗೆನ್‌ಬರ್ಗಿನಲ್ಲಿ ಆದದ್ದೂ ಅದೇ ಎಂದು ನಮ್ಮ ಅಭಿಪ್ರಾಯ.

ಕಟ್ಟಿಹಾಕುವುದು, ಹೊಡೆಯುವುದು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಸತ್ತರು. ಸರಪಳಿ ಇದ್ದುದರಿಂದ ಓಡಲಾಗಲಿಲ್ಲ. ಅದು ದರ್ಗಾದ ಊರು ಎಂದು ನಾವು ಬೆರಳು ತೋರಿಸಬೇಕಾಗಿಲ್ಲ. ವಾಸಿಯಾಗಲೆಂದು ಜನರನ್ನು ತಂದು ಬಿಡುವ ಪದ್ಧತಿ ಎಲ್ಲ ಮತಗಳಲ್ಲೂ ಇದೆ, ನಮ್ಮ ಪುಣ್ಯಕ್ಷೇತ್ರಗಳ ಸುತ್ತಲೂ ಇದ್ದದ್ದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಎನ್ನುತ್ತದೆ. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿ, 2020ರಲ್ಲಿ ಜಾರಿಗೆ ಬಂದ ವಾಮಾಚಾರ ತಡೆ ಕಾಯ್ದೆಯಲ್ಲಿ ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಿಂಸಿಸುವುದು ಅಪರಾಧ. ಮಾಡುವವರು ಯಾವ ಮತದವರಾದರೂ ಅಷ್ಟೇ.

ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡ ಸಂಸ್ಥೆಗಳು. ಹಳ್ಳಿಯ ರೋಗಿಗೆ ಹತ್ತಿರದಲ್ಲೇ ಚಿಕಿತ್ಸೆ ಕೊಡುವ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ. ಫೋನಿನಲ್ಲಿ ಮಾತಾಡಬೇಕೆಂದರೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಬಲಗೈ ಬೆರಳು ಪೂರ್ತಿ ಮಡಚಲು ಬರುವುದಿಲ್ಲ, ಎಡಗೈಯಲ್ಲಿ ಬರೆಯುವುದನ್ನು ಕಲಿತ. ಅವನ ತಾಯಿ ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಮಾತ್ರೆ ಚೀಟಿಯನ್ನು ಪ್ರಾರ್ಥನಾ ಪುಸ್ತಕದೊಳಗೇ ಇಟ್ಟುಕೊಂಡಿದ್ದಾರೆ.

ಸಂಘದ ಸಭೆಯಲ್ಲಿ ಚರ್ಚೆಗೆ

ಮಾರ್ಕ 9:14-29ನ್ನು ಒಬ್ಬರು ಗಟ್ಟಿಯಾಗಿ ಓದಲಿ. ತಂದೆ ಹೇಳುವ ಲಕ್ಷಣಗಳನ್ನು ಪಟ್ಟಿ ಮಾಡಿ. ಅಂಥದ್ದನ್ನು ನೀವು ಎಲ್ಲಿ ಕಂಡಿದ್ದೀರಿ? ಆಗ ಮನೆಯವರು ಏನು ಮಾಡಿದರು?

ನಮ್ಮ ಊರಿನಲ್ಲಿ ಮಾತ್ರೆ ಬಿಟ್ಟವರು ಇದ್ದಾರೆಯೇ? ಯಾಕೆ ಬಿಟ್ಟರು: ಹಣವಿಲ್ಲದೆಯೋ, ಬಸ್ಸಿಲ್ಲದೆಯೋ, ಯಾರಾದರೂ ಬಿಡಿ ಅಂದದ್ದಕ್ಕೋ? ಸಂಘದಿಂದ ಯಾರು ಅವರ ಮನೆಗೆ ಹೋಗುತ್ತೀರಿ, ಯಾವ ದಿನ?